ಕೆರೆ ತುಂಬೋದೇ ಇಲ್ವಂತೆ!

ಸಿ ಭಾಷೆಯ 32 ಬಿಟ್ ಇಂಟ್‌ನಲ್ಲಿ ಹಿಡಿಯೋದು 2147483647ರ ತನಕ. ಅದು ಉಕ್ಕಿತಾ ಅಂತ ನೋಡೋಕೆ ಕೆಲವರು ಎಕ್ಸ್‌ಗೆ 100 ಕೂಡಿಸಿ, ಮೊತ್ತ ಎಕ್ಸ್‌ಗಿಂತ ಚಿಕ್ಕದಾಯ್ತಾ ಅಂತ ಕೇಳ್ತಾರೆ. ಕ್ಲ್ಯಾಂಗ್‌ನಲ್ಲಿ ಆಪ್ಟಿಮೈಸೇಶನ್ ಇಲ್ಲದೆ ಟೆಸ್ಟ್ ಮಾಡಿದ್ರೆ ಸಿಕ್ಕಿಬೀಳುತ್ತೆ. ಓ2 ಹಾಕಿ ನೋಡಿ, ಆ ಪ್ರಶ್ನೆಯೇ ಮಾಯ! ಸೈನ್ಡ್ ಓವರ್‌ಫ್ಲೋ ಆದ್ರೆ ಏನಾಗಬೇಕು ಅಂತ ಸಿ ಸ್ಟ್ಯಾಂಡರ್ಡ್ ಹೇಳಿಲ್ಲ. ಆಗೋದೇ ಇಲ್ಲ ಅಂತ ಕಂಪೈಲರ್ ನಂಬಿಬಿಡುತ್ತೆ. ನಮ್ಮೂರ ಕೆರೆ ತುಂಬಲ್ಲ ಅಂತ ನೀರುಗಂಟಿಯನ್ನೇ ಮನೆಗೆ ಕಳಿಸಿದ ಹಾಗೆ.

ಜಿಸಿಸಿ ಬಗ್ಗೆ 2007ರಲ್ಲೇ ಈ ಜಗಳ ಎದ್ದಿತ್ತು. ಕಾನೂನು ಕಂಪೈಲರ್ ಪರ, ಒಪ್ಪೋಣ. ಆದ್ರೆ ನಾವು ಪರೀಕ್ಷಿಸಿದ್ದು ಒಂದು, ಗಿರಾಕಿ ಕೈಗೆ ಹೋಗೋದು ಇನ್ನೊಂದು ಅನ್ನೋದು ನನ್ನ ನಿದ್ದೆ ಕೆಡಿಸುತ್ತೆ. ಅದಕ್ಕೇ ರಿವ್ಯೂನಲ್ಲಿ ಹಠ ಹಿಡೀತೀನಿ: ಕೂಡಿಸಿದ ಮೇಲಲ್ಲ, ಮೊದಲೇ ಕೇಳಿ, ಎಕ್ಸ್ 2147483547ಕ್ಕಿಂತ ದೊಡ್ಡದಾ?