ದಾಬಸ್‌ಪೇಟೆಯಿಂದ ಹೊಸಕೋಟೆಗೆ, ಟಿಪ್ಪರಿನ ಅಡಿಯ ದಾರಿ

ನೆಲಮಂಗಲದಲ್ಲಿ ಹೆದ್ದಾರಿ ಕವಲೊಡೆಯುತ್ತದೆ. 48 ತುಮಕೂರಿನತ್ತ, 75 ಹಾಸನ ದಾಟಿ ಮಂಗಳೂರಿನತ್ತ. ಘಟ್ಟ ಇಳಿಯಲು ಹೊರಟ ಲಾರಿಯೂ ಘಟ್ಟ ಹತ್ತಿ ದಣಿದು ಬಂದ ಲಾರಿಯೂ ಇಲ್ಲಿ ಎದುರಾಗುತ್ತವೆ. ಜನ 48ರ ದಾರಿ ಹಿಡಿಯುವುದು ಶಿವಗಂಗೆಗೆ. ತುಪ್ಪ ಬೆಣ್ಣೆಯಾಗುವ ಪವಾಡ ನೋಡಲು. ನಾನು ಬಂದದ್ದು ಗ್ಯಾರೇಜಿನ ಗುಂಡಿಯೊಳಗೆ ಇಳಿದು, ಲಾರಿಯ ಹೊಟ್ಟೆ ನೋಡಲು. ಪವಾಡ ಅಲ್ಲೂ ಇತ್ತು.

ತಲೆಯ ಮೇಲೆ ಪ್ರೊಪೆಲ್ಲರ್ ಶಾಫ್ಟ್. ಗೇರ್‌ಬಾಕ್ಸಿನಿಂದ ಹೊರಟು ಹಿಂದಿನ ಆಕ್ಸಲ್ ಹೌಸಿಂಗಿನ ಮೂತಿಯವರೆಗೆ ಓರೆಯಾಗಿ ಇಳಿಯುವ ಕೊಳವೆ, ಎರಡು ತುದಿಗೂ ಒಂದೊಂದು ಕ್ರಾಸ್. ಅಂಗೈಯಲ್ಲಿ ಹಿಡಿಯುವಷ್ಟು ಉಕ್ಕಿನ ಶಿಲುಬೆ, ಅದರ ನಾಲ್ಕು ಕೈಗೂ ಸೂಜಿಯಂಥ ರೋಲರುಗಳು ತುಂಬಿದ ಬಟ್ಟಲು. ಹತ್ತಾರು ಟನ್ ಜಲ್ಲಿಯನ್ನು ಏರಿಗೆ ತಳ್ಳುವ ಬಲವೆಲ್ಲ ಈ ಸೂಜಿಗಳ ಮೇಲಿಂದಲೇ ಹಾದುಹೋಗುತ್ತದೆ. ರಾಬರ್ಟ್ ಹುಕ್ 1676ರಲ್ಲಿ ಈ ಕೀಲನ್ನು ವಿವರಿಸಿದ್ದು ಸೂರ್ಯನನ್ನು ನೋಡುವ ಉಪಕರಣಗಳ ಬಗ್ಗೆ ಬರೆದ ಪುಸ್ತಕದಲ್ಲಿ. ಅದು ಒಂದು ದಿನ ಎಂ-ಸ್ಯಾಂಡ್ ಹೊರುತ್ತದೆಂದು ಅವನಿಗೆ ಹೊಳೆದಿರಲಾರದು.

ಈ ಕೀಲಿಗೆ ಒಂದು ಹುಟ್ಟುಗುಣವಿದೆ. ಓರೆಯಾಗಿ ತಿರುಗುವಾಗ ಒಳಗೆ ಬಂದ ವೇಗ ಸಮನಾಗಿದ್ದರೂ ಹೊರಟ ವೇಗ ಸಮನಾಗಿರುವುದಿಲ್ಲ. ಒಂದು ಸುತ್ತಿಗೆ ಎರಡು ಸಲ ಹಿಗ್ಗಿ ಎರಡು ಸಲ ಕುಗ್ಗುತ್ತದೆ. 5 ಡಿಗ್ರಿ ಓರೆಯಿದ್ದರೆ ಏರಿಳಿತ ಶೇ. 0.4ರಷ್ಟು, 10 ಡಿಗ್ರಿಗೆ ಶೇ. 1.5. ಕೋನ ದುಪ್ಪಟ್ಟಾದರೆ ಕಾಟ ನಾಲ್ಕು ಪಟ್ಟು! ಮದ್ದು ಎರಡನೇ ಕ್ರಾಸ್‌ನಲ್ಲಿದೆ. ಆ ತುದಿಯ ಕೋನವೂ ಅಷ್ಟೇ ಇದ್ದು, ಕ್ರಾಸ್ ಹಿಡಿಯುವ ಎರಡೂ ಕಡೆಯ ಯೋಕ್‌ಗಳು ಒಂದೇ ಸಾಲಿನಲ್ಲಿದ್ದರೆ, ಮೊದಲನೆಯದು ಕೆಡಿಸಿದ್ದನ್ನು ಎರಡನೆಯದು ಸರಿಮಾಡುತ್ತದೆ. ಹಾಗಾದರೆ ಕೋನವೇ ಇಲ್ಲದಂತೆ ನೆಟ್ಟಗೆ ಕೂರಿಸಿದರಾಯಿತಲ್ಲ? ಅದೂ ಆಗದು. ಓರೆಯೇ ಇಲ್ಲದಿದ್ದರೆ ಸೂಜಿಗಳು ಹೊರಳುವುದಿಲ್ಲ. ನಿಂತಲ್ಲೇ ಏಟು ತಿಂದು ಕ್ರಾಸ್‌ನ ಮೈಮೇಲೆ ಗೀರು ಕೊರೆಯುತ್ತವೆ.

ನಾನು ಹತ್ತಿದ ಆರು ಚಕ್ರದ ಟಿಪ್ಪರಿಗೆ ಹೊಸದಾಗಿ ಗಟ್ಟಿ ಎಂಜಿನ್ ಮೌಂಟಿಂಗ್ ಹಾಕಿದ್ದರು. “ರಬ್ಬರು ವರ್ಸಕ್ಕೊಂದ್ ಸಲ ಕುಸೀತದೆ ಸಾರ್. ಇದು ಕಲ್ಲು ಕಲ್ಲು” ಎಂದ ಡ್ರೈವರಣ್ಣ. ಆದರೆ ದಾಬಸ್‌ಪೇಟೆ ಬಿಟ್ಟು ರಾಷ್ಟ್ರೀಯ ಹೆದ್ದಾರಿ 948ಎಗೆ ಏರಿದೊಡನೆ, ಗಂಟೆಗೆ ಅರವತ್ತು ಕಿ.ಮೀ. ಆಸುಪಾಸಿನಲ್ಲಿ ಸೀಟಿನಡಿಯಿಂದ ಒಂದು ಗುಂಯ್‌ಗುಡುವಿಕೆ. ಆಕ್ಸಿಲರೇಟರ್ ಒತ್ತಿದರೆ ಒಂದು ಬಗೆ, ಬಿಟ್ಟರೆ ಇನ್ನೊಂದು. ಲೆಕ್ಕ ಹಾಕಿದೆ: ಇಂಥ ಚಕ್ರಕ್ಕೆ, ಹೌಸಿಂಗಿನ ಹಲ್ಲಿನ ಅನುಪಾತ ಆರರಷ್ಟಿದ್ದರೆ, ಶಾಫ್ಟ್ ನಿಮಿಷಕ್ಕೆ ಸುಮಾರು 1,900 ಸುತ್ತು ತಿರುಗುತ್ತಿರುತ್ತದೆ. ಸುತ್ತಿಗೆರಡು ಏರಿಳಿತ ಎಂದರೆ ಸೆಕೆಂಡಿಗೆ ಅರವತ್ತಕ್ಕೂ ಹೆಚ್ಚು ಪೆಟ್ಟು. ನಾನು ಕುಳಿತಿದ್ದದ್ದು ಒಂದು ಕೋನದ ಸದ್ದಿನ ಮೇಲೆ.

ದಾಬಸ್‌ಪೇಟೆಯಿಂದ ಹೊಸಕೋಟೆಗೆ ಸುಮಾರು 80 ಕಿ.ಮೀ. ಉಪನಗರ ವರ್ತುಲ ರಸ್ತೆಯ ಈ ಭಾಗ 2024ರಲ್ಲಿ ಉದ್ಘಾಟನೆಯಾಯಿತು. ರಸ್ತೆ ಇಷ್ಟು ನುಣುಪಾಗಿರದಿದ್ದರೆ ಆ ಸದ್ದು ನಮಗೆ ಕೇಳುತ್ತಲೇ ಇರಲಿಲ್ಲ ಅನ್ನಿ. ಹಳೆಯ ರಸ್ತೆಯ ಗುಂಡಿಗಳು ಎಷ್ಟೋ ಗಾಡಿಗಳ ಗುಟ್ಟು ಕಾಪಾಡಿವೆ.

ದೊಡ್ಡಬಳ್ಳಾಪುರದಲ್ಲಿ ಚಹಾಕ್ಕೆ ನಿಂತ ಓಣಿಯಲ್ಲಿ ವಿದ್ಯುತ್ ಮಗ್ಗಗಳು ಓಡುತ್ತಿದ್ದವು. ಕಿವಿಗಿಂತ ಮೊದಲು ಅಂಗಾಲಿಗೆ ಕೇಳಿಸಿತು. ನೆಲಕ್ಕೆ ಬಿಗಿದ ಮಗ್ಗ ತಾನು ಜಾಗ ಬಿಟ್ಟು ಕದಲುವುದಿಲ್ಲ. ಅದರ ಬದಲು ಪಕ್ಕದ ಮನೆಯ ಗೋಡೆ, ಕಪಾಟಿನ ಲೋಟ ಅದುರುತ್ತವೆ. ಟಿಪ್ಪರಿನ ಕತೆಯೂ ಇದೇ. ಮೆತ್ತನೆಯ ರಬ್ಬರಿನ ಮೇಲೆ ಕುಳಿತ ಎಂಜಿನ್, ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಒಂದು ಮಗ್ಗುಲಿಗೆ ಹೊರಳುತ್ತದೆ; ಗೇರ್‌ಬಾಕ್ಸಿನ ಬಾಲವೂ ಜೊತೆಗೆ ಸರಿದು ಕೋನ ಕೆಡುತ್ತದೆ. ಗಟ್ಟಿ ಮೌಂಟಿಂಗ್ ಆ ಹೊರಳಾಟವನ್ನು ತಡೆದು ಕೋನ ಕಾಯುತ್ತದೆ, ನಿಜ. ಆದರೆ ರಬ್ಬರು ನುಂಗುತ್ತಿದ್ದ ಏಟನ್ನು ಈಗ ಯಾರು ನುಂಗಬೇಕು? ಕ್ರಾಸ್‌ನ ಸೂಜಿಗಳು, ಹೌಸಿಂಗಿನೊಳಗಿನ ಕ್ರೌನ್ ಗೇರಿನ ಹಲ್ಲುಗಳು, ಬ್ರಾಕೆಟಿನ ಬೋಲ್ಟು. ಅಡ್ಡಾದಿಡ್ಡಿ ನೆಲದಲ್ಲಿ ಚಾಸಿ ತಿರುಚಿದಾಗ ಆ ತಿರುಚು ನೇರ ಬೆಲ್ ಹೌಸಿಂಗಿಗೇ ಏರುತ್ತದೆ. ಅಮೆರಿಕದ ಕ್ರೈಸ್ಲರ್ ಕಂಪನಿ 1931ರಲ್ಲಿ ಪ್ಲಿಮತ್ ಕಾರಿನ ಎಂಜಿನ್ನನ್ನು ರಬ್ಬರಿನ ಮೇಲೆ ತೇಲಿಸಿ, ಅದನ್ನೇ ಹೆಸರಾಗಿಟ್ಟು ಜಾಹೀರಾತು ಮಾಡಿತ್ತು. ತೊಂಬತ್ತು ವರ್ಷ ದಾಟಿದ ಮೇಲೆ ನಾವು ಮತ್ತೆ ಬಿಗಿಯತೊಡಗಿದ್ದೇವೆ.

ದೇವನಹಳ್ಳಿಯನ್ನು ಹೊರಗಿನಿಂದಲೇ ದಾಟಿದೆವು. ಕೋಟೆ, ಚಕ್ಕೋತ, ವಿಮಾನ, ಯಾವುದಕ್ಕೂ ನಿಲ್ಲಲಿಲ್ಲ. ನಿಂತದ್ದು ಸೂಲಿಬೆಲೆಯ ಕಡೆ, ರೋಟಾವೇಟರ್ ಓಡುತ್ತಿದ್ದ ಹೊಲದ ಬದುವಿನಲ್ಲಿ. ಟ್ರ್ಯಾಕ್ಟರಿನಲ್ಲಿ ಸಾಮಾನ್ಯವಾಗಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ, ಕೆಳಗೆ, ಎಲ್ಲಿಯೂ ರಬ್ಬರಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಬಿಗಿದು, ಆ ಬಿಗಿದದ್ದೇ ಗಾಡಿಯ ಬೆನ್ನೆಲುಬು. ಗಟ್ಟಿತನದ ಕೊನೆಯ ಮೆಟ್ಟಿಲದು. ಆದರೂ ರೋಟಾವೇಟರನ್ನು ತಿರುಗಿಸುವ ಹಿಂದಿನ ಪಿಟಿಒ ಶಾಫ್ಟ್‌ಗೆ ನೆಮ್ಮದಿಯಿಲ್ಲ. ನಿಮಿಷಕ್ಕೆ 540 ಸುತ್ತಿನಲ್ಲಿ ತಿರುಗುತ್ತಿದ್ದ ಶಾಫ್ಟನ್ನು ನಿಲ್ಲಿಸದೆ, ಸಾಲಿನ ಕೊನೆಯಲ್ಲಿ ರೋಟಾವೇಟರನ್ನು ಎತ್ತಿದ ಹುಡುಗ. ಕೋನ ಕಡಿದಾಯಿತು. ಟಕಟಕಟಕ. “ಪಿಟಿಒ ಆಫ್ ಮಾಡ್ಕಂಡ್ ಎತ್ತೋ ಮಗ” ಎಂದು ಬದುವಿನಿಂದ ಅಜ್ಜ ಕೂಗಿದರು. ಹುಕ್ ಹೇಳಿದ್ದನ್ನು ಅವರು ಕಿವಿಯಿಂದಲೇ ಕಲಿತಿದ್ದರು.

ಹೊಸಕೋಟೆಗೆ ಇಳಿದಾಗ ಮಧ್ಯಾಹ್ನ. 1998ರಲ್ಲಿ ವೋಲ್ವೊ ಲಾರಿ ಕಾರ್ಖಾನೆ ತೆರೆದ ಊರಿದು. 2001ರಲ್ಲಿ ಅವರ ಬಿ7ಆರ್ ಬಸ್ಸು ನಮ್ಮ ರಸ್ತೆಗೆ ಬಂತು. ಕೆಎಸ್‌ಆರ್‌ಟಿಸಿಯ ಐರಾವತದಲ್ಲಿ ಮೈ ಚಾಚಿ ಮಲಗಿದವರಿಗೆ ಅದರ ಎಂಜಿನ್ ಹಿಂಬದಿಯಲ್ಲಿದೆ ಎಂಬುದು ನೆನಪಿರಲಿಕ್ಕಿಲ್ಲ. ಎಂಜಿನ್ ಹಿಂದಿದ್ದರೆ ಶಾಫ್ಟ್ ಮೋಟು. ಎರಡು ಮೀಟರ್ ಶಾಫ್ಟಿನ ಒಂದು ತುದಿ 10 ಮಿ.ಮೀ. ಕುಸಿದರೆ ಕೋನ 0.3 ಡಿಗ್ರಿಯಷ್ಟು ಬದಲಾಗುತ್ತದೆ. ಅರ್ಧ ಮೀಟರಿನದಾದರೆ ಡಿಗ್ರಿಗೂ ಮೇಲೆ. ಅಲ್ಲಿ ರಬ್ಬರು ಎಷ್ಟು ಮೆತ್ತಗಿರಬೇಕು ಎಂಬುದು ಕೂದಲೆಳೆಯ ಲೆಕ್ಕ.

ಮರಳು ಸುರಿದು ಟಿಪ್ಪರ್ ಇಲ್ಲಿನ ಗ್ಯಾರೇಜಿನ ಗುಂಡಿಯ ಮೇಲೆ ನಿಂತಿತು. ಮೇಸ್ತ್ರಿ ಅಂಗೈಯಗಲದ ಡಿಜಿಟಲ್ ಆಂಗಲ್ ಗೇಜನ್ನು ಗೇರ್‌ಬಾಕ್ಸಿನ ಫ್ಲೇಂಜಿಗೆ ಅಂಟಿಸಿದ: ಬಾಲ ಕೆಳಗೆ 3.5 ಡಿಗ್ರಿ. ಹೌಸಿಂಗಿನ ಮೂತಿಗೆ ಅಂಟಿಸಿದ: ಮೇಲಕ್ಕೆ 5. ಆಮೇಲೆ ಹಿಂದಿನ ಸ್ಪ್ರಿಂಗಿನಡಿ ಟಾರ್ಚ್ ಬಿಟ್ಟು ನೋಡಿ ನಕ್ಕ. ರಬ್ಬರು ಕುಸಿದು ಗೇರ್‌ಬಾಕ್ಸ್ ಜೋತುಬಿದ್ದಿದ್ದ ಕಾಲದಲ್ಲಿ ಯಾರೋ ಜಾಣರು ಆ ಓರೆಗೆ ಸರಿಯಾಗಿ ಹಿಂದೆ ಒಂದು ಬೆಣೆ ತೂರಿಸಿದ್ದರು. ಹೊಸ ಮೌಂಟಿಂಗ್ ಗೇರ್‌ಬಾಕ್ಸನ್ನು ಎತ್ತಿ ಹಿಡಿಯಿತು, ಬೆಣೆ ಮಾತ್ರ ಹಾಗೇ ಉಳಿಯಿತು. ಗಟ್ಟಿ ಮೌಂಟಿಂಗ್ ತಪ್ಪು ಕೋನವನ್ನೂ ಅಷ್ಟೇ ಗಟ್ಟಿಯಾಗಿ ಹಿಡಿದಿತ್ತು.

ಬೆಣೆ ತೆಗೆದರು. ಯು-ಬೋಲ್ಟ್ ಬಿಗಿದು, ಕೋಲಾರದ ದಿಕ್ಕಿಗೆ ಒಂದು ಸುತ್ತು ಓಡಿಸಿ ಬಂದೆವು. ಅರವತ್ತರ ಸದ್ದು ಹೋಗಿತ್ತು. ಆದರೆ ನಿಂತಲ್ಲಿ ಎಂಜಿನ್ ಓಡುವಾಗ ಡ್ಯಾಶ್‌ಬೋರ್ಡಿನ ಮೇಲಿನ ಗಣೇಶ ಇನ್ನೂ ತಲೆಯಾಡಿಸುತ್ತಲೇ ಇದ್ದ.

“ಇದ್ಕೇನ್ ಮಾಡಾಣ?” ಎಂದ ಡ್ರೈವರಣ್ಣ.

“ಅದು ಹಂಗೇ. ಬೇಕಂದ್ರೆ ರಬ್ಬರು ಹಾಕ್ಸು, ವರ್ಸ ವರ್ಸ ಬಾ” ಎಂದ ಮೇಸ್ತ್ರಿ, ಕೈ ಒರೆಸಿಕೊಳ್ಳುತ್ತ. “ಇದನ್ನೇ ಇಟ್ಕೊಂಡ್ರೆ ಬ್ರಾಕೆಟ್ ಬೋಲ್ಟ್ ಮೇಲೆ ಕಣ್ಣಿರ್ಲಿ. ಕ್ರಾಸ್‌ಗೆ ಗ್ರೀಸು ಮರೀಬ್ಯಾಡ.”

ಡ್ರೈವರಣ್ಣ ಸ್ವಲ್ಪ ಹೊತ್ತು ಗಣೇಶನನ್ನು ನೋಡಿ, ಎರಡು ಟ್ಯೂಬ್ ಗ್ರೀಸಿಗೆ ರೇಟು ಕೇಳಿದ.