ಅಸ್ನಾ ಬಂದ ದಾರಿ



ನಿಮ್ಮ ಕಾಗದ ಕೈಸೇರಿತು. ‘ಟಿವಿಯಲ್ಲಿ ಚಂಡಮಾರುತದ ಬಿಳಿ ಸುಳಿ ತೋರಿಸುತ್ತಾರಲ್ಲ, ಅದರಲ್ಲಿ ಬಲ್ಲವರಿಗೆ ಕಾಣುವುದಾದರೂ ಏನು?’ ಎಂದು ಕೇಳಿದ್ದೀರಿ. ಸುಳಿಯೇ ಸರಿಯಾಗಿ ಕಾಣದ ಅಸ್ನಾ ಎಂಬ ಚಂಡಮಾರುತದ ಕತೆ ಹೇಳುತ್ತೇನೆ.

2024ರ ಆಗಸ್ಟ್ ಕೊನೆ. ಕಡಲಲ್ಲಿ ಹುಟ್ಟಿ ನೆಲಕ್ಕೆ ಬಡಿದು ಸಾಯುವುದು ಚಂಡಮಾರುತಗಳ ವಾಡಿಕೆ, ಅಸ್ನಾದ್ದು ಉಲ್ಟಾ. ಮಧ್ಯಪ್ರದೇಶ, ರಾಜಸ್ಥಾನದ ಕಡೆಯಿಂದ ವಾಯುಭಾರ ಕುಸಿತವೊಂದು ನೆಲದ ಮೇಲೇ ನಡೆದು ಗುಜರಾತಿಗೆ ಬಂತು. ಅದು ತಂದ ಮಳೆಗೆ ವಡೋದರದಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ಮೊಸಳೆಗಳು ಬಡಾವಣೆಗಳಿಗೆ ನುಗ್ಗಿದ್ದು ನಿಮಗೆ ನೆನಪಿರಬಹುದು. ಆಗಿನ್ನೂ ಅದಕ್ಕೆ ಹೆಸರೂ ಇರಲಿಲ್ಲ! ಕಛ್ ದಾಟಿ ಅರಬ್ಬೀ ಸಮುದ್ರಕ್ಕಿಳಿದ ಮೇಲೆ, ಆಗಸ್ಟ್ 30ರಂದು, ಚಂಡಮಾರುತವೆಂದು ಘೋಷಣೆಯಾಯಿತು. ಪಾಕಿಸ್ತಾನ ಸೂಚಿಸಿದ್ದ ಹೆಸರು ಸಿಕ್ಕಿತು. ಅರಬ್ಬೀ ಸಮುದ್ರದಲ್ಲಿ ಆಗಸ್ಟ್ ತಿಂಗಳ ಚಂಡಮಾರುತ 1976ರ ನಂತರ ಇದೇ ಮೊದಲು.

ಅದರ ಸುಳಿ ಸರಿಯಾಗಿ ಕಾಣದಿದ್ದುದಕ್ಕೆ ಕಾರಣವಿದೆ. ಮುಂಗಾರಿನಲ್ಲಿ ಕೆಳಗೆ ಪಡುವಣ ಗಾಳಿ, ಮೇಲೆ ಬಲವಾದ ಮೂಡಣ ಗಾಳಿ. ಎದ್ದ ಮೋಡದ ತಲೆಯನ್ನು ಮೇಲಿನ ಗಾಳಿ ಪಡುವಣಕ್ಕೆ ತಳ್ಳಿಬಿಡುತ್ತದೆ. ಅಸ್ನಾದ ಚಿತ್ರಗಳಲ್ಲೂ ದಟ್ಟ ಬಿಳುಪೆಲ್ಲ ಒಂದು ಮಗ್ಗುಲಿಗೆ, ಸುಳಿಯ ನಡು ಅದರ ಅಂಚಿಗೆ. ಇಂಥ ಕಡೆ ಹೊಸಬರು ಬಿಳುಪಿನ ಮಧ್ಯಕ್ಕೆ ಬೆರಳಿಡುತ್ತಾರೆ. ಬಲ್ಲವರು ಕೆಳಮಟ್ಟದ ತೆಳು ಮೋಡಗಳ ಎಳೆಗಳು ಯಾವ ಬಿಂದುವಿನ ಸುತ್ತ ಬಾಗಿವೆ ಎಂದು ಹುಡುಕುತ್ತಾರೆ. ಒಂದೇ ಚಿತ್ರ ಸಾಲದು. ಅರ್ಧ ಗಂಟೆಗೊಮ್ಮೆ ಬರುವ ಚಿತ್ರಗಳನ್ನು ಜೋಡಿಸಿ ಓಡಿಸಬೇಕು.

ಇನ್‌ಸ್ಯಾಟ್ ಸರಣಿಯ ಹವಾಮಾನ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಿಂದ ಹಗಲಿರುಳು ಈ ಚಿತ್ರ ತೆಗೆಯುತ್ತವೆ. ಅವುಗಳ ಲಗಾಮು ನಮ್ಮ ಹಾಸನದಲ್ಲೇ, ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿದೆ. ರಾತ್ರಿ ಬೆಳಕಿಲ್ಲದಿದ್ದರೂ ಅವಕೆಂಪು ಚಿತ್ರ ಮೋಡದ ನೆತ್ತಿಯ ತಂಪನ್ನು ಅಳೆಯುತ್ತದೆ. ತಣ್ಣಗಿದ್ದಷ್ಟೂ ಮೋಡ ಎತ್ತರ. ಮೋಡದ ವಿನ್ಯಾಸ ನೋಡಿ ಗಾಳಿಯ ಬಲ ಅಂದಾಜಿಸುವ ಕ್ರಮವನ್ನು 1970ರ ದಶಕದಲ್ಲಿ ಅಮೆರಿಕದ ವರ್ನನ್ ಡ್ವೊರಾಕ್ ರೂಪಿಸಿದರು. ಇಂದಿಗೂ ಅದೇ ಆಧಾರ. ಓಷನ್‌ಸ್ಯಾಟ್-3 ಉಪಗ್ರಹದ ಕೆಲಸ ಬೇರೆ: ಸಮುದ್ರದ ಮೇಲ್ಮೈಗೆ ಮೈಕ್ರೋವೇವ್ ತಾಗಿಸಿ, ಮರಳಿ ಬಂದದ್ದರಿಂದ ಗಾಳಿಯ ವೇಗ, ದಿಕ್ಕು ಹೇಳುತ್ತದೆ.

ಅಸ್ನಾ ಒಮಾನ್ ಕಡೆಗೆ ಸಾಗುತ್ತ ಸೆಪ್ಟೆಂಬರ್ ಮೊದಲ ದಿನಗಳಲ್ಲೇ ಸೊರಗಿತು. ಹೆಸರು ಪಡೆದ ಮೇಲೆ ಮಾಡಿದ್ದಕ್ಕಿಂತ ಹೆಸರಿಲ್ಲದಾಗ ಮಾಡಿದ ಹಾನಿಯೇ ಹೆಚ್ಚು. ಹೆಸರು ಕೇಳಿದ ಮೇಲಷ್ಟೇ ಎಚ್ಚರಾಗುವ ನಮ್ಮ ಸುದ್ದಿವಾಹಿನಿಗಳಿಗೆ ಇದನ್ನು ಯಾರು ಹೇಳಬೇಕೋ!

ಇಸ್ರೋದ ಮಾಸ್ಡ್ಯಾಕ್ ಜಾಲತಾಣದಲ್ಲಿ ಇಂಥ ಉಪಗ್ರಹ ಚಿತ್ರಗಳು ಎಲ್ಲರಿಗೂ ಸಿಗುತ್ತವೆ. ಮುಂದಿನ ವಾಯುಭಾರ ಕುಸಿತದ ಸುದ್ದಿ ಬಂದಾಗ ನೀವೇ ತೆರೆದು ಸುಳಿಯ ನಡು ಹುಡುಕಿ. ಎಲ್ಲಿ ಕಂಡಿತೆಂದು ಬರೆಯಿರಿ.

ನಿಮ್ಮವ