ಶಾಲು, ಹಾರ, ತೊಟ್ಟು ಬಿಡಿಸುವ ಯಂತ್ರ

ಆಹ್ವಾನ ಪತ್ರಿಕೆಯಲ್ಲಿ ಬೆಳಿಗ್ಗೆ ಹತ್ತು ಗಂಟೆ ಅಂತ ಅಚ್ಚಾಗಿದೆ. ಅದನ್ನು ನಂಬಿ ನೀವು ಐದು ನಿಮಿಷ ಮೊದಲೇ ಬಂದುಬಿಟ್ಟಿದ್ದೀರಿ. ಹುಬ್ಬಳ್ಳಿಯ ಈ ಕಾಲೇಜು ಸಭಾಂಗಣದ ಬಾಗಿಲಲ್ಲಿ ವಿದ್ಯಾರ್ಥಿನಿಯರು ಇನ್ನೂ ರಂಗೋಲಿಗೆ ಬಣ್ಣ ತುಂಬುತ್ತಿದ್ದಾರೆ. ನೋಂದಣಿ ಮೇಜಿನ ಹುಡುಗ ನಿಮ್ಮ ಹೆಸರು, ಊರು, ಮೊಬೈಲ್ ನಂಬರ್ ಬರೆಸಿಕೊಂಡು ಒಂದು ಫೈಲು ಕೊಡುತ್ತಾನೆ. ಒಳಗೆ ನಾಲ್ಕು ಬಿಳಿ ಹಾಳೆ, ಒಂದು ಪೆನ್ನು, ಯಾವುದೋ ಬ್ಯಾಂಕಿನ ಸಾಲದ ಕರಪತ್ರ, ಊಟದ ಕೂಪನ್. "ಕೂಪನ್ ಒಂದು ಕಳ್ಕೋಬ್ಯಾಡ್ರಿ ಸರ," ಅನ್ನುತ್ತಾನೆ. ಮಿಕ್ಕದ್ದು ಕಳೆದರೂ ನಡೆಯುತ್ತದೆ ಅಂತ ಅವನಿಗೂ ಗೊತ್ತು.

ವೇದಿಕೆಯ ಹಿಂದಿನ ಫ್ಲೆಕ್ಸ್‌ನಲ್ಲಿ ವ್ಯವಹಾರದಲ್ಲಿ ಹೊಸತನ ಕುರಿತ ಒಂದು ದಿನದ ವಿಚಾರ ಸಂಕಿರಣ ಎಂಬ ದಪ್ಪಕ್ಷರ, ಪಕ್ಕದಲ್ಲಿ ಉರಿಯುವ ಬಲ್ಬಿನ ಚಿತ್ರ. ಹೊಸತನದ ಬಗ್ಗೆ ಮಾತಾಡುವ ಸಭೆಯಲ್ಲಿ ಬಲ್ಬಿಲ್ಲದ ಫ್ಲೆಕ್ಸನ್ನು ನಾನಂತೂ ನೋಡಿಲ್ಲ. ಏಳನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ ಜಾಗ ಹಿಡಿಯಿರಿ. ಮೊದಲ ಮೂರು ಸಾಲು ಗಣ್ಯರಿಗೆ, ಆಮೇಲಿನ ಎರಡು ಗಣ್ಯರ ಜೊತೆ ಬಂದವರಿಗೆ. ಹಿಂದಿನ ಅರ್ಧ ಸಭಾಂಗಣ ಹಾಜರಿಗಾಗಿ ಕರೆತಂದ ಎಂಬಿಎ ವಿದ್ಯಾರ್ಥಿಗಳದ್ದು.

"ಇಲ್ಲಿ ಯಾರರೆ ಕುಂತಾರೇನ್ರಿ?"

ಐವತ್ತರ ಆಸುಪಾಸಿನ ಗೃಹಸ್ಥರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಅದರಲ್ಲಿ ಹಳೇ ಪೇಪರ್ ಸುತ್ತಿದ ಭಾರವಾದದ್ದೇನೋ. ಇಲ್ಲ, ಕೂರಿ ಅನ್ನುತ್ತೀರಿ. ಅವರದು ಬ್ಯಾಡಗಿ, ಲೇತ್ ಅಂಗಡಿ ಇದೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಯಂತ್ರ ಮಾಡಿದ್ದಾರೆ.

ಬ್ಯಾಡಗಿ ಮೆಣಸಿನಕಾಯಿ ನಿಮಗೆ ಗೊತ್ತಿರುವುದೇ. ಖಾರ ಕಡಿಮೆ, ಕಡುಗೆಂಪು ಬಣ್ಣ, ಮೈಯೆಲ್ಲ ನಿರಿಗೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕಾಯಿ ಅದು. ಪುಡಿಗೂ ಬಣ್ಣ ತೆಗೆಯುವ ಕಾರ್ಖಾನೆಗೂ ಹೋಗುವ ಮೊದಲು ಅದರ ತೊಟ್ಟು ಬಿಡಿಸಬೇಕು. ಸೀಸನ್ನಿನಲ್ಲಿ ಹೆಂಗಸರು ಸಾಲಾಗಿ ಕೂತು ಕೈಯಲ್ಲೇ ಬಿಡಿಸುತ್ತಾರೆ. ಸಂಜೆ ಹೊತ್ತಿಗೆ ಬೆರಳೆಲ್ಲ ಉರಿ. "ಮಷಿನ್ ಮಾಡೋದೇನ್ ದೊಡ್ಡದಲ್ರಿ," ಅನ್ನುತ್ತಾರೆ ಅವರು. "ಒಂದೊಂದು ಕಾಯಿ ಒಂದೊಂದು ಥರ ಸೊಟ್ಟ ಇರ್ತೈತಿ. ಬಿಗಿ ಹಿಡದ್ರ ಕಾಯಿ ಒಡದು ಬೀಜ ಉದರ್ತಾವು, ಸಡ್ಲ ಬಿಟ್ರ ತೊಟ್ಟು ಹಂಗ ಉಳೀತೈತಿ. ಒಡದ ಕಾಯಿಗೆ ರೇಟ್ ಇಲ್ಲ." ಆಚೀಚೆ ನೋಡಿ, ಪೇಪರ್ ಬಿಚ್ಚಿ, ಒಳಗಿನದನ್ನು ನಿಮ್ಮ ಕೈಗಿಡುತ್ತಾರೆ. ಅದು ಹೇಗಿದೆ, ಏನು ಮಾಡುತ್ತದೆ ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಮಧ್ಯಾಹ್ನ ತಿಳಿಯುತ್ತದೆ.

ಹನ್ನೊಂದು ಗಂಟೆಗೆ ಪ್ರಾರ್ಥನೆ ಶುರು. ದೀಪ ಬೆಳಗಿಸುವಾಗ ಫ್ಯಾನಿನ ಗಾಳಿಗೆ ಮೇಣದಬತ್ತಿ ಆರಿ, ಫ್ಯಾನ್ ನಿಲ್ಲಿಸಿ, ಮತ್ತೆ ಹಚ್ಚಿ, ಮತ್ತೆ ಫೋಟೊ. ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ವೇದಿಕೆಯ ಮೇಲೆ ಒಂಬತ್ತು ಮಂದಿ. ಮಾತಾಡಬೇಕಾದವರು ಅವರಲ್ಲಿ ಮೂವರು. ಉದ್ಘಾಟಕರು ತಮಗೆ ಬೇರೆ ಕಾರ್ಯಕ್ರಮ ಇದೆ ಎಂದು ಇಳಿದು ಹೋಗುವಾಗ ಮೊದಲ ಎರಡು ಸಾಲೂ ಎದ್ದು ಹೋಗುತ್ತವೆ. ಗಡಿಯಾರ ಹನ್ನೆರಡರ ಹತ್ತಿರ. ಇನ್ನೂ ಯಾರೂ ಏನನ್ನೂ ಹೇಳಿಲ್ಲ.

ಮೊದಲ ಭಾಷಣಕಾರರು ಬೆಂಗಳೂರಿನ ಸಲಹೆಗಾರರು. ಕಿವಿಗೆ ಮೈಕ್ ಸಿಕ್ಕಿಸಿಕೊಂಡು ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತ ಮಾತಾಡುತ್ತಾರೆ. ಮಾತು ಚುರುಕು, ನಗೆ ಚಟಾಕಿ ಸರಿಯಾದ ಜಾಗಕ್ಕೆ ಬೀಳುತ್ತದೆ. ಮೊದಲ ಸ್ಲೈಡು ಕೊಡ್ಯಾಕ್. 1975ರಲ್ಲಿ ಅಲ್ಲಿನ ಯುವ ಎಂಜಿನಿಯರ್ ಸ್ಟೀವ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾ ಮಾಡಿದ. ಮೂರೂವರೆ ಕಿಲೊಗಿಂತ ಹೆಚ್ಚು ತೂಕ, ಒಂದು ಚಿತ್ರ ಕ್ಯಾಸೆಟ್‌ಗೆ ಇಳಿಯಲು 23 ಸೆಕೆಂಡು. ಕಂಪನಿ ಅದನ್ನು ಮೂಲೆಗಿಟ್ಟಿತು, 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. "ನಿದ್ದೆ ಮಾಡಿದವರ ಗತಿ ಇದು!" ಚಪ್ಪಾಳೆ.

ಕಥೆ ಅಷ್ಟು ಸಲೀಸಲ್ಲ. ಕೊಡ್ಯಾಕ್ ಆ ಕ್ಯಾಮೆರಾಕ್ಕೆ 1978ರಲ್ಲೇ ಪೇಟೆಂಟ್ ಪಡೆದಿತ್ತು. 2005ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಡಿಜಿಟಲ್ ಕ್ಯಾಮೆರಾ ಮಾರಿದ್ದೂ ಅದೇ. ಕಂಪನಿ ಎಚ್ಚರವಾಗಿಯೇ ಇತ್ತು. ಫಿಲ್ಮಿನಲ್ಲಿದ್ದ ಲಾಭ ಕ್ಯಾಮೆರಾದಲ್ಲಿ ಹುಟ್ಟಲಿಲ್ಲ. ಇದನ್ನು ಹೇಳಹೊರಟರೆ ಚಪ್ಪಾಳೆಯ ಜಾಗ ಸಿಗುವುದಿಲ್ಲ.

ಮುಂದಿನದು ಹಳದಿ ಅಂಟುಚೀಟಿಯ ಕಥೆ. ಅಮೆರಿಕದ 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಬಲವಾದ ಅಂಟು ಮಾಡಹೋಗಿ, ಅಂಟಿಯೂ ಅಂಟದ ಅಂಟು ಮಾಡಿದ. ಸಹೋದ್ಯೋಗಿ ಆರ್ಟ್ ಫ್ರೈಗೆ ಚರ್ಚಿನ ಹಾಡಿನ ಪುಸ್ತಕದಿಂದ ಗುರುತಿನ ಚೀಟಿ ಉದುರುವ ಕಿರಿಕಿರಿ. 1974ರಲ್ಲಿ ಅವನಿಗೆ ಎರಡೂ ಕೂಡಿ ಹೊಳೆಯಿತು. 1980ರಲ್ಲಿ ಪೋಸ್ಟ್-ಇಟ್ ಅಮೆರಿಕದ ಅಂಗಡಿಗಳಿಗೆ ಬಂತು. "ತಪ್ಪನ್ನೂ ಪ್ರೀತಿಸಿ!" ಎನ್ನುತ್ತಾರೆ ಭಾಷಣಕಾರರು, ಸ್ಲೈಡು ಸರಿಯುತ್ತದೆ.

ಸರಿದುಹೋದದ್ದರಲ್ಲಿ ಈ ಸಭೆಗೆ ನಿಜವಾಗಿ ಬೇಕಾದ ಸಂಗತಿ ಇತ್ತು. ಆ ಆರು ವರ್ಷ ಸಿಲ್ವರ್ ಏನು ಮಾಡುತ್ತಿದ್ದ? ಕಂಪನಿಯೊಳಗೇ ವಿಭಾಗದಿಂದ ವಿಭಾಗಕ್ಕೆ ಹೋಗಿ ಸೆಮಿನಾರ್ ಕೊಡುತ್ತಿದ್ದ. ನನ್ನ ಹತ್ತಿರ ಇಂಥದ್ದೊಂದು ಅಂಟು ಇದೆ, ಏನಕ್ಕೆ ಉಪಯೋಗ ಅಂತ ನನಗೂ ಗೊತ್ತಿಲ್ಲ, ನಿಮಗೇನಾದರೂ ಹೊಳೆದರೆ ಹೇಳಿ ಎನ್ನುವುದೇ ಅವನ ಭಾಷಣದ ಸಾರ. ಹಾಗೆ ಕೇಳಿಸಿಕೊಂಡವರಲ್ಲಿ ಒಬ್ಬ ಫ್ರೈ. ಆಮೇಲೂ ಹಾದಿ ಸುಗಮವಾಗಲಿಲ್ಲ. 1977ರಲ್ಲಿ ನಾಲ್ಕು ಊರುಗಳಲ್ಲಿ ಮಾರಾಟಕ್ಕಿಟ್ಟರೆ ಹೇಳಿಕೊಳ್ಳುವಂಥ ವ್ಯಾಪಾರ ಆಗಲಿಲ್ಲ. ಮರುವರ್ಷ ಐಡಾಹೊ ರಾಜ್ಯದ ಬಾಯ್ಸಿ ಎಂಬ ಊರಲ್ಲಿ ಪುಕ್ಕಟೆ ಹಂಚಿ ರುಚಿ ಹತ್ತಿಸಿದ ಮೇಲೇ ಜನ ಇನ್ನಷ್ಟು ಬೇಕೆಂದದ್ದು. ಅರ್ಧ ಆದ ಕೆಲಸವನ್ನು ನಾಲ್ಕು ಜನರ ಮುಂದಿಟ್ಟು ದಾರಿ ಕೇಳಿದ ಸೆಮಿನಾರಿನಿಂದ ಹುಟ್ಟಿದ ವಸ್ತು ಅದು. ಇಲ್ಲಿ ಅದೇ ವಸ್ತುವಿನ ಹೆಸರು ಹೇಳಿ, ದಾರಿ ಕೇಳುವವರನ್ನು ಏಳನೆಯ ಸಾಲಿನಲ್ಲಿ ಸುಮ್ಮನೆ ಕೂರಿಸಿದ್ದಾರೆ.

ಈಗ ಚಟುವಟಿಕೆ. ಐದೈದು ಜನರ ಗುಂಪು, ಗುಂಪಿಗೊಂದು ಕಟ್ಟು ಹಳದಿ ಚೀಟಿ. ಹುಬ್ಬಳ್ಳಿಯ ಟ್ರಾಫಿಕ್ಕಿಗೆ ಹತ್ತು ನಿಮಿಷದಲ್ಲಿ ಎಷ್ಟು ಉಪಾಯ ಹೊಳೆಯುತ್ತವೋ ಅಷ್ಟೂ ಬರೆದು ಗೋಡೆಗೆ ಅಂಟಿಸಬೇಕು. ಯಾರೂ ಯಾರದ್ದನ್ನೂ ಟೀಕಿಸಬಾರದು. ನಿಮ್ಮ ಗುಂಪಿನಲ್ಲಿ ಒಬ್ಬ ಹುಡುಗ ಪಟಪಟ ಮಾತಾಡುತ್ತಾನೆ, ಒಬ್ಬಳು ಬರೆಯುತ್ತಾಳೆ, ಉಳಿದವರು ತಲೆಯಾಡಿಸುತ್ತೀರಿ. ಬ್ಯಾಡಗಿಯವರು ತಮ್ಮ ಪಾಲಿನ ಚೀಟಿಗಳನ್ನು ಜೇಬಿಗಿಟ್ಟುಕೊಂಡು, "ಅಂಗಡ್ಯಾಗ ಅಳತಿ ಬರ್ಯಾಕ ಬೇಷ್ ಆಗ್ತಾವು," ಅನ್ನುತ್ತಾರೆ.

ಈ ಆಟವನ್ನು ಜನಪ್ರಿಯ ಮಾಡಿದವನು ಅಮೆರಿಕದ ಜಾಹೀರಾತು ಕಂಪನಿಯ ಅಲೆಕ್ಸ್ ಆಸ್‌ಬಾರ್ನ್. 1953ರಲ್ಲಿ ಪುಸ್ತಕವನ್ನೂ ಬರೆದ. ಐದೇ ವರ್ಷದಲ್ಲಿ ಯೇಲ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ ನೋಡಿದರು: ನಾಲ್ವರು ಒಟ್ಟಿಗೆ ಕೂತು ಯೋಚಿಸಿದ್ದಕ್ಕಿಂತ, ನಾಲ್ವರು ಬೇರೆ ಬೇರೆ ಕೂತು ಯೋಚಿಸಿ ಆಮೇಲೆ ಕೂಡಿಸಿದರೆ ಉಪಾಯಗಳು ಸುಮಾರು ಎರಡರಷ್ಟು. ಗುಂಪಿನಲ್ಲಿ ಒಬ್ಬ ಮಾತಾಡುವಾಗ ಉಳಿದವರ ಯೋಚನೆ ನಿಲ್ಲುತ್ತದೆ. ಆರೇಳು ದಶಕ ಕಳೆದರೂ ಈ ಆಟ ನಿಂತಿಲ್ಲ. ಫೋಟೊ ಚೆನ್ನಾಗಿ ಬರುತ್ತದಲ್ಲ.

ಒಂದೂಕಾಲು. ಎರಡನೆಯ ಭಾಷಣಕಾರರು ಬೆಳಗಾವಿಯ ಉದ್ಯಮಬಾಗದಲ್ಲಿ ಬಹಳ ಕಾಲ ಫೌಂಡ್ರಿ ನಡೆಸಿದ ಹಿರಿಯರು. ಸ್ಲೈಡಿಲ್ಲ. ನಿರೂಪಕಿ ಕಿವಿಯಲ್ಲಿ ಏನೋ ಹೇಳುತ್ತಾರೆ. ಹಿರಿಯರು ನಕ್ಕು, "ನನಗ ಹನ್ನೆರಡು ಮಿನಿಟ್ ಕೊಟ್ಟಾರ. ಹಾರಕ್ಕ ಹದಿನೈದು ಹಿಡದಿತ್ತು," ಅನ್ನುತ್ತಾರೆ. ಹಿಂದಿನ ಸಾಲುಗಳು ಮೊದಲ ಸಲ ಮನಸಾರೆ ನಗುತ್ತವೆ.

ಅವರು ಹೇಳಿದ್ದು ಲಕ್ಷ್ಮಣರಾವ್ ಕಿರ್ಲೋಸ್ಕರರ ವಿಚಾರ. ಮುಂಬೈಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವರು ಅವರು. ಬೆಳಗಾವಿಯಲ್ಲಿ 1888ರಲ್ಲಿ ಶುರುವಾದದ್ದು ಸೈಕಲ್ ಅಂಗಡಿ. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, 1903ರಲ್ಲಿ ಕಬ್ಬಿಣದ ನೇಗಿಲು. ನೇಗಿಲು ಚೆನ್ನಾಗಿಯೇ ಇತ್ತು. ಆದರೆ ಕಬ್ಬಿಣ ತಾಕಿದರೆ ಭೂಮಿಗೆ ವಿಷ ಏರುತ್ತದೆ ಅಂತ ರೈತರ ನಂಬಿಕೆ. ಎರಡು ವರ್ಷ ಒಂದೂ ಮಾರಲಿಲ್ಲ. "ಈಗ ಹೇಳ್ರಿ," ಅಂತ ಹಿರಿಯರು ವಿದ್ಯಾರ್ಥಿಗಳ ಕಡೆ ತಿರುಗುತ್ತಾರೆ, "ಮಾಲು ಛಲೋ ಐತಿ, ಗಿರಾಕಿ ಇಲ್ಲ. ಎರಡು ವರ್ಷ ಕಬ್ಬಿಣಕ್ಕ ಹಾಕಿದ ರೊಕ್ಕ ಎಲ್ಲಿಂದ ತಂದಿರಬೇಕು? ಕೆಲಸಗಾರರಿಗೆ ಪಗಾರ?" ಯಾರೂ ಉತ್ತರಿಸುವುದಿಲ್ಲ. ಇಡೀ ದಿನದಲ್ಲಿ ಹಣದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಇದು.

ನೇಗಿಲು ಮಾರಾಟವಾಗತೊಡಗಿತು, ಕಾರ್ಖಾನೆ ಬೆಳೆಯಿತು. ಅಷ್ಟರಲ್ಲಿ ಬೆಳಗಾವಿ ಪುರಸಭೆ ಜಾಗ ಖಾಲಿ ಮಾಡಿ ಎಂದಿತು. ಔಂಧ್ ಸಂಸ್ಥಾನದ ರಾಜರು ಕುಂಡಲ್ ರೋಡ್ ಸ್ಟೇಷನ್ನಿನ ಬಳಿ ಪಾಪಾಸುಕಳ್ಳಿ ಬೆಳೆದ ಬಂಜರು ಭೂಮಿ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಬೆಳಗಾವಿಗೆ ಉಳಿದದ್ದು ಕಿರ್ಲೋಸ್ಕರ ರಸ್ತೆ ಎಂಬ ಹೆಸರು. "ನಾವು ರಸ್ತೆಗೆ ಹೆಸರು ಇಡೋದ್ರಾಗ ಶ್ಯಾಣ್ಯಾರು," ಎಂದು ಹಿರಿಯರು ಹತ್ತನೆಯ ನಿಮಿಷಕ್ಕೇ ಮಾತು ಮುಗಿಸಿ ಕೂರುತ್ತಾರೆ. ಇನ್ನೊಂದು ತಾಸು ಮಾತಾಡಿದ್ದರೂ ಕೇಳಬಹುದಿತ್ತು. ಪ್ರಶ್ನೆಗೆ ಸಮಯವಿಲ್ಲ, ಊಟ ಆರುತ್ತಿದೆ ಎಂದು ಘೋಷಣೆ.

ಊಟದ ಸಾಲಿನಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ನಿಜವಾದ ಸಂಕಿರಣ ಇಲ್ಲೇ ನಡೆಯುತ್ತಿದೆ. ಎಲೆಕ್ಟ್ರಾನಿಕ್ಸ್ ಓದುವ ಹುಡುಗಿಯೊಬ್ಬಳು ತಟ್ಟೆ ಹಿಡಿದುಕೊಂಡೇ ಬ್ಯಾಡಗಿಯವರ ಮಾತು ಕೇಳುತ್ತಾಳೆ. "ಅಂಕಲ್, ಕ್ಯಾಮೆರಾ ಇಟ್ಟು ತೊಟ್ಟು ಯಾವ ಕಡೆ ಐತಿ ಅಂತ ಗುರುತು ಹಿಡೀಬಹುದಲ್ರಿ?"

"ಹಿಡೀಬಹುದವ್ವಾ. ಮೆಣಸಿನಕಾಯಿ ಧೂಳಿಗೆ ನಿನ್ನ ಕ್ಯಾಮೆರಾ ಕಣ್ಣು ಎಷ್ಟೊತ್ತು ತೆರಕೊಂಡಿರ್ತೈತಿ? ದುರಸ್ತಿಗೆ ಯಾರನ್ನ ಕರೀಲಿ?"

ಹುಡುಗಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಯೋಚಿಸುತ್ತಾಳೆ. ಫೋನ್ ನಂಬರ್ ಬರೆದುಕೊಳ್ಳುತ್ತಾಳೆ. ಹಳದಿ ಚೀಟಿಗೆ ಬಂದ ಸಾರ್ಥಕ್ಯ ಇಷ್ಟೇ: ನಂಬರ್ ಬರೆದದ್ದು ಅದರ ಮೇಲೆ.

ಊಟದ ನಂತರ ಅರ್ಧ ಸಭಾಂಗಣ ಖಾಲಿ. ಉಳಿದ ಅರ್ಧಕ್ಕೆ ಜೋಂಪು. ಮೂರನೆಯವರು ಪೇಟೆಂಟ್ ವಕೀಲೆ. ತಾವಾಗಿ ವೇದಿಕೆಯಿಂದ ಇಳಿದು ಕೆಳಗೆ ನಿಂತು, "ಯಾರಾದರೂ ಏನಾದರೂ ಮಾಡಿದ್ದೀರಾ?" ಎಂದು ಕೇಳುತ್ತಾರೆ. ಬ್ಯಾಡಗಿಯವರು ಎದ್ದು ನಿಲ್ಲುತ್ತಾರೆ. ಚೀಲಕ್ಕೆ ಕೈ ಹಾಕಿ ಪೇಪರ್ ಬಿಚ್ಚಲು ಶುರು ಮಾಡುತ್ತಾರೆ. ಹಿಂದಿನ ಸಾಲಿನಲ್ಲಿ ನಾಲ್ಕೈದು ಮೊಬೈಲುಗಳು ಎದ್ದಿವೆ.

"ಅಣ್ಣಾರ, ಬಿಚ್ಚಬೇಡಿ!"

ಜೋಂಪು ಹಾರಿಹೋಗುತ್ತದೆ. ವಕೀಲೆ ವಿವರಿಸುತ್ತಾರೆ: ಪೇಟೆಂಟ್ ಸಿಗಬೇಕಾದರೆ ಅರ್ಜಿ ಹಾಕುವ ದಿನಕ್ಕೆ ಆ ವಸ್ತು ಲೋಕಕ್ಕೆ ಹೊಸದಾಗಿರಬೇಕು. ಸಭೆಯಲ್ಲಿ ತೋರಿಸಿದರೆ, ಯೂಟ್ಯೂಬಿಗೆ ಹಾಕಿದರೆ, ಪೇಪರಿನಲ್ಲಿ ವಿವರವಾಗಿ ಬಂದರೆ ಹೊಸತು ಎಂಬ ಹಕ್ಕು ಅಲ್ಲಿಗೇ ಹೋಯಿತು, ತೋರಿಸಿದವರು ನೀವೇ ಆಗಿದ್ದರೂ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಸೂಚಿಸಿದ ವಸ್ತು ಪ್ರದರ್ಶನಗಳಿಗೆ ಹನ್ನೆರಡು ತಿಂಗಳ ವಿನಾಯಿತಿ ಉಂಟು. ಈ ಕಾಲೇಜು ಸಭಾಂಗಣ ಆ ಪಟ್ಟಿಯಲ್ಲಿಲ್ಲ. ಬೇಸಾಯದ ವಿಧಾನಕ್ಕೆ ನಮ್ಮ ಕಾಯ್ದೆಯಲ್ಲಿ ಪೇಟೆಂಟ್ ಇಲ್ಲ, ಬೇಸಾಯದ ಯಂತ್ರಕ್ಕೆ ಉಂಟು. ಯಂತ್ರ ಪೂರ್ತಿ ಆಗಿಲ್ಲದಿದ್ದರೂ ತಾತ್ಕಾಲಿಕ ಅರ್ಜಿ ಹಾಕಿ ಆ ದಿನಾಂಕವನ್ನು ಕಾಯ್ದಿರಿಸಬಹುದು. ಪೂರ್ಣ ವಿವರ ಕೊಡಲು ಹನ್ನೆರಡು ತಿಂಗಳಿದೆ.

"ಇಲ್ಲಿ ಯಾರಿಗಾದರೂ ತೋರಿಸಿದ್ದೀರಾ?"

ಬ್ಯಾಡಗಿಯವರು ನಿಧಾನವಾಗಿ ನಿಮ್ಮ ಕಡೆ ನೋಡುತ್ತಾರೆ. ಇಡೀ ಸಭೆ ನಿಮ್ಮ ಕಡೆ ನೋಡುತ್ತದೆ. "ಇವರು ಹೊರಗೆ ಹೇಳದಿದ್ದರೆ ನಡೆಯುತ್ತದೆ," ಎಂದು ವಕೀಲೆ ನಗುತ್ತಾರೆ. ನೀವು ತಲೆಯಾಡಿಸುತ್ತೀರಿ. ನಾನೂ ಬರೆಯಲಿಲ್ಲ.

ಅಷ್ಟರಲ್ಲಿ ವಂದನಾರ್ಪಣೆಯ ಸಮಯ. ಧ್ವನಿವರ್ಧಕದವರಿಗೆ, ಶಾಮಿಯಾನದವರಿಗೆ, ಛಾಯಾಗ್ರಾಹಕರಿಗೆ, ಅಡುಗೆಯವರಿಗೆ, ಎಲ್ಲರಿಗೂ ಹೆಸರು ಹಿಡಿದು ಧನ್ಯವಾದ. ಬ್ಯಾಡಗಿಯವರು ಆಗಲೇ ಚೀಲ ಕಂಕುಳಲ್ಲಿ ಇರುಕಿಕೊಂಡು ಕಾರಿಡಾರಿನಲ್ಲಿ ವಕೀಲೆಯ ಜೊತೆ ನಿಂತಿದ್ದಾರೆ, ಪಕ್ಕದಲ್ಲಿ ಎಲೆಕ್ಟ್ರಾನಿಕ್ಸ್ ಹುಡುಗಿ.

ಇಂಥ ಸಂಕಿರಣ ನಡೆಸುವವರಿಗೆ ಒಂದು ಮಾತು. ಸನ್ಮಾನ ಬೇಡ ಅನ್ನುವುದಿಲ್ಲ. ಅದನ್ನು ಕೊನೆಗಿಡಿ, ಇರುವವರು ಇರಲಿ. ಬೆಳಗಿನ ಆ ಒಂದು ತಾಸನ್ನು ಕೇಳುವವರಿಗೆ ಬಿಡಿ, ಮೈಕನ್ನು ಏಳನೆಯ ಸಾಲಿಗೆ ಕಳಿಸಿ. ಕೊಡ್ಯಾಕ್ ಕಥೆ ಮೊಬೈಲಿನಲ್ಲೇ ಸಿಗುತ್ತದೆ. ಎರಡು ವರ್ಷ ಮಾಲು ಮಾರದೆ ಪಗಾರ ಕೊಟ್ಟವರು ಊರಿಗೆ ಒಬ್ಬಿಬ್ಬರಾದರೂ ಇರುತ್ತಾರೆ, ಅವರನ್ನು ಕರೆಸಿ. ಇನ್ನು ಚೀಲದಲ್ಲಿ ಏನಾದರೂ ಕಟ್ಟಿಕೊಂಡು ಹೊರಟಿರುವವರು ನೀವಾದರೆ, ಬಿಚ್ಚುವ ಮೊದಲು ಅರ್ಜಿ ಹಾಕಿ. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಮೂಲಕ ಪೇಟೆಂಟ್ ಅರ್ಜಿ ಸಲ್ಲಿಸಲು ಸರ್ಕಾರಿ ಶುಲ್ಕ 1,600 ರೂಪಾಯಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ.